ನಿಮಗಿದು ಗೊತ್ತೆ? ಮಾನಿಟರ್ ಜೋಡಿಸಿದರೆ ವೈಫೈ ಕುಗ್ಗಬಹುದು!

ಲ್ಯಾಪ್‌ಟಾಪ್‌ಗೆ ದೊಡ್ಡ ಮಾನಿಟರ್ ಜೋಡಿಸಿದ ಕೂಡಲೇ ವೈಫೈ ನಿಧಾನವಾಯಿತೆ? ವೈರ್‌ಲೆಸ್ ಮೌಸ್ ತಡವರಿಸಿತೆ? ಮೊದಲು ಕೇಬಲ್ ಪರೀಕ್ಷಿಸಿ.

• ಬ್ಲೂಟೂತ್, ವೈರ್‌ಲೆಸ್ ಮೌಸ್ ಹಾಗೂ ಹಲವು ವೈಫೈ ಸಾಧನಗಳು 2.4 ಗಿಗಾಹರ್ಟ್ಸ್ ಆವರ್ತನ ಬಳಸುತ್ತವೆ. ಯುಎಸ್‌ಬಿ 3.0 ಸಾಧನ, ಕೇಬಲ್‌ಗಳಿಂದ ಹೊಮ್ಮುವ ರೇಡಿಯೊ ಗದ್ದಲ ಇದಕ್ಕೆ ಅಡ್ಡಿಯಾಗುತ್ತದೆ ಎಂದು ಇಂಟೆಲ್ 2012ರಲ್ಲೇ ವಿವರಿಸಿತ್ತು.

• ಮಾನಿಟರ್ ಸಂಪರ್ಕದಿಂದಲೂ ಇಂಥ ಅಡ್ಡಿ ಬರಬಹುದು. 2019ರಲ್ಲಿ ರಾಸ್‌ಬೆರಿ ಪೈ 4 ಕಂಪ್ಯೂಟರಿಗೆ ಎಚ್‌ಡಿಎಂಐ ಮಾನಿಟರ್ ಜೋಡಿಸಿ 2560×1440 ರೆಸಲ್ಯೂಶನ್ ಇಟ್ಟಾಗ ವೈಫೈ ಕಡಿತಗೊಳ್ಳುತ್ತಿದ್ದುದನ್ನು ಬಳಕೆದಾರರು ಗಮನಿಸಿದರು. ರೆಸಲ್ಯೂಶನ್ ಬದಲಿಸಿದರೆ ಸಂಪರ್ಕ ಮರಳುತ್ತಿತ್ತು.

• ಪತ್ತೆ ಹೇಗೆ? ಮಾನಿಟರ್ ಕೇಬಲ್ ತೆಗೆದು ನೋಡಿ. ವೈಫೈ ಚೇತರಿಸಿಕೊಂಡರೆ ಅಡ್ಡಿ ಅಲ್ಲೇ ಇದೆ.

• ಪರಿಹಾರವೇನು? ಒಳ್ಳೆಯ ಲೋಹಕವಚವುಳ್ಳ ಕೇಬಲ್ ಬಳಸಿ. ಮೌಸ್‌ನ ರಿಸೀವರನ್ನು ಎಕ್ಸ್‌ಟೆನ್ಶನ್ ವೈರಿಗೆ ಜೋಡಿಸಿ ಕಂಪ್ಯೂಟರಿನಿಂದ ದೂರವಿಡಿ. ವೈಫೈಯನ್ನು 5 ಗಿಗಾಹರ್ಟ್ಸ್‌ಗೆ ಬದಲಿಸಿ.

• ರಾಮದುರ್ಗ ತಾಲ್ಲೂಕಿನ ಸುರೇಬಾನದಂಥ ಊರಲ್ಲಿ ದಪ್ಪ ಕಲ್ಲುಗೋಡೆಯ ಮನೆ ನಿಮ್ಮದಾದರೆ ನೆನಪಿಡಿ: 5 ಗಿಗಾಹರ್ಟ್ಸ್ ಅಲೆಗಳು ಗೋಡೆ ದಾಟುವಾಗ ಹೆಚ್ಚು ಸೊರಗುತ್ತವೆ. ಕಂಪ್ಯೂಟರ್ ಇರುವ ಕೋಣೆಯಲ್ಲೇ ರೂಟರ್ ಇಡಿ. ಸಾಧ್ಯವಿದ್ದರೆ ಲ್ಯಾನ್ ಕೇಬಲ್ಲನ್ನೇ ಎಳೆಸಿ.