ಒಳ್ಳೆ ಕೆಲಸ ಮಾಡಿದ ಮೇಯರ್‌ಗೆ ಮತ್ತೆ ಮತ ಹಾಕಬಹುದೇ? ನಾಸಿಕ್, ಸಂಭಾಜಿನಗರದ ಲೆಕ್ಕಾಚಾರ ಹೀಗಿದೆ

ಮಹಾರಾಷ್ಟ್ರದ 29 ಮಹಾನಗರ ಪಾಲಿಕೆಗಳಿಗೆ 2026ರ ಜನವರಿ 15ರಂದು ಮತದಾನ ನಡೆಯಿತು. ನಾಸಿಕ್ ಮತ್ತು ಛತ್ರಪತಿ ಸಂಭಾಜಿನಗರ (ಹಿಂದಿನ ಔರಂಗಾಬಾದ್) ಎರಡೂ ಆ ಪಟ್ಟಿಯಲ್ಲಿದ್ದವು. ಆದರೆ 'ನಾನು ಮಾಡಿದ ಕೆಲಸ ನೋಡಿ, ಇನ್ನೊಂದು ಅವಧಿ ಕೊಡಿ' ಎಂದು ಕೇಳಲು ಅಧಿಕಾರದಲ್ಲಿದ್ದ ಮೇಯರ್ ಈ ಎರಡೂ ನಗರಗಳಲ್ಲಿ ಇರಲಿಲ್ಲ.

ಸಂಭಾಜಿನಗರ ಪಾಲಿಕೆಯ ಅವಧಿ 2020ರ ಏಪ್ರಿಲ್‌ನಲ್ಲಿ, ನಾಸಿಕ್‌ನದ್ದು 2022ರ ಮಾರ್ಚ್‌ನಲ್ಲಿ ಮುಗಿದಿತ್ತು. ಅಲ್ಲಿಂದ ಚುನಾವಣೆವರೆಗೂ ಆಡಳಿತಾಧಿಕಾರಿಗಳದ್ದೇ ಕಾರುಬಾರು. ಚುನಾವಣೆ ಸಮಯಕ್ಕೆ ಸರಿಯಾಗಿ ನಡೆದಿದ್ದರೂ ಮತದಾರರು ಮೇಯರ್‌ಗೆ ನೇರವಾಗಿ ಮತ ಹಾಕುವಂತಿರಲಿಲ್ಲ. ಏಕೆ? ಇಲ್ಲಿದೆ ವಿವರ.

ಮೇಯರ್ ಆಯ್ಕೆ ಹೇಗೆ?

ಮೇಯರ್ ಆಯ್ಕೆಯ ವಿಧಾನವನ್ನು ಸಂವಿಧಾನ ರಾಜ್ಯಗಳಿಗೇ ಬಿಟ್ಟಿದೆ. ಮಹಾರಾಷ್ಟ್ರದಲ್ಲಿ ಜನ ಕಾರ್ಪೊರೇಟರ್‌ಗಳನ್ನು ಆರಿಸುತ್ತಾರೆ. ನಾಸಿಕ್‌ನಲ್ಲಿ 122, ಸಂಭಾಜಿನಗರದಲ್ಲಿ 115 ಸ್ಥಾನಗಳಿವೆ. ಒಂದು ವಾರ್ಡ್‌ನಿಂದ ಸಾಮಾನ್ಯವಾಗಿ ನಾಲ್ವರು ಗೆಲ್ಲುತ್ತಾರೆ. ಗೆದ್ದವರು ತಮ್ಮಲ್ಲೇ ಒಬ್ಬರನ್ನು ಎರಡೂವರೆ ವರ್ಷಕ್ಕೆ ಮೇಯರ್ ಮಾಡುತ್ತಾರೆ. ಹಾಗಾಗಿ ಐದು ವರ್ಷದ ಒಂದು ಪಾಲಿಕೆಗೆ ಕನಿಷ್ಠ ಎರಡು ಮೇಯರ್ ಅವಧಿ.

ಮೇಯರ್ ಸ್ಥಾನ ಯಾವ ವರ್ಗಕ್ಕೆ ಮೀಸಲು ಎಂಬುದನ್ನು ನಿರ್ಧರಿಸುವುದು ಲಾಟರಿ. ಸಾಮಾನ್ಯ, ಪರಿಶಿಷ್ಟ ಜಾತಿ, ಪರಿಶಿಷ್ಟ ಪಂಗಡ, ಹಿಂದುಳಿದ ವರ್ಗ, ಮಹಿಳೆ, ಹೀಗೆ ಮೀಸಲಾತಿ ಬದಲಾಗುತ್ತಾ ಹೋಗುತ್ತದೆ. ವಂಚಿತ ಸಮುದಾಯಗಳಿಗೆ ಅವಕಾಶ ಸಿಗಲು ಇದು ಬೇಕು. ನಾಸಿಕ್‌ಗೆ 2017ರಲ್ಲಿ ಪರಿಶಿಷ್ಟ ಪಂಗಡದ ರಂಜನಾ ಭಾನಸಿ ಮೇಯರ್ ಆದದ್ದು ಇದೇ ವ್ಯವಸ್ಥೆಯಿಂದ. 2019ರ ನವೆಂಬರ್‌ನಲ್ಲಿ ಅದೇ ಬಿಜೆಪಿಯ ಸತೀಶ್ ಕುಲಕರ್ಣಿ ಆ ಸ್ಥಾನಕ್ಕೆ ಬಂದರು. ಒಬ್ಬರೇ ಮತ್ತೆ ಮೇಯರ್ ಆಗಬಾರದು ಎಂಬ ನಿಷೇಧವೇನೂ ಇಲ್ಲ. ಆದರೆ ವಾರ್ಡ್ ಗೆಲ್ಲಬೇಕು, ಮೀಸಲಾತಿ ಹೊಂದಬೇಕು, ಪಕ್ಷವೂ ಒಪ್ಪಬೇಕು. ಮೂರೂ ಒಟ್ಟಿಗೆ ಕೂಡಿಬರುವುದು ಅಪರೂಪ.

ಒಂದೇ ಅವಧಿ, ಮೂವರು ಮೇಯರ್

ಸಂಭಾಜಿನಗರದಲ್ಲಿ 2015ರಲ್ಲಿ ಶಿವಸೇನೆ-ಬಿಜೆಪಿ ಮೈತ್ರಿ ಅಧಿಕಾರ ಹಿಡಿಯಿತು. ಮೊದಲು ಶಿವಸೇನೆಯ ತ್ರ್ಯಂಬಕ್ ತುಪೆ, 2016ರ ಕೊನೆಗೆ ಬಿಜೆಪಿಯ ಭಗವಾನ್ ಘಡಮೋಡೆ, 2017ರ ಅಕ್ಟೋಬರ್‌ನಲ್ಲಿ ಶಿವಸೇನೆಯ ನಂದಕುಮಾರ್ ಘೋಡೆಲೆ ಮೇಯರ್ ಆದರು. 2018ರಲ್ಲಿ ನಾರೆಗಾಂವ್ ಗ್ರಾಮಸ್ಥರು ಕಸದ ಲಾರಿಗಳನ್ನು ತಡೆದಾಗ ನಗರದ ತುಂಬಾ ಕಸ ರಾಶಿ ಬಿತ್ತು. ಈ ವೈಫಲ್ಯಕ್ಕೆ ಮೂವರಲ್ಲಿ ಯಾರನ್ನು ಹೊಣೆ ಮಾಡುವುದು?

ನೀರಿನ ಕಥೆಯೂ ಹೀಗೆಯೇ. ಜಾಯಕವಾಡಿ ಜಲಾಶಯದಿಂದ ನಗರಕ್ಕೆ ನೀರು ತರುವ 1,680 ಕೋಟಿ ರೂಪಾಯಿಯ ಹೊಸ ಯೋಜನೆಗೆ ಆಗಿನ ಮುಖ್ಯಮಂತ್ರಿ ಉದ್ಧವ್ ಠಾಕ್ರೆ 2020ರ ಡಿಸೆಂಬರ್‌ನಲ್ಲಿ ಶಂಕುಸ್ಥಾಪನೆ ಮಾಡಿದರು. ಆ ಹೊತ್ತಿಗೆ ಚುನಾಯಿತ ಪಾಲಿಕೆಯೇ ಇರಲಿಲ್ಲ. ಮುಂದೆ ಯೋಜನಾ ವೆಚ್ಚ 2,740 ಕೋಟಿಗೆ ಏರಿತು. ದಿನಗಟ್ಟಲೆ ನಲ್ಲಿ ನೀರಿಗೆ ಕಾಯುವ ಜನರಿಗೆ ಪ್ರಶ್ನಿಸಲು ಕಾರ್ಪೊರೇಟರ್ ಕೂಡ ಇರಲಿಲ್ಲ.

ಅಧಿಕಾರ ಯಾರ ಕೈಯಲ್ಲಿ?

ಪಾಲಿಕೆಯ ಕಾರ್ಯಾಂಗದ ಅಧಿಕಾರ ಇರುವುದು ರಾಜ್ಯ ಸರ್ಕಾರ ನೇಮಿಸುವ ಆಯುಕ್ತರ ಬಳಿ. ಮೇಯರ್ ಸಾಮಾನ್ಯ ಸಭೆಯ ಅಧ್ಯಕ್ಷತೆ ವಹಿಸುತ್ತಾರೆ. ಗುತ್ತಿಗೆ, ಖರ್ಚಿನ ವಿಷಯದಲ್ಲಿ ಸ್ಥಾಯಿ ಸಮಿತಿಯ ಮಾತೂ ನಡೆಯುತ್ತದೆ.

ಇದಕ್ಕೆ ನಾಸಿಕ್‌ನ 2018ರ ಜಟಾಪಟಿ ಒಳ್ಳೆಯ ಉದಾಹರಣೆ. ಆಯುಕ್ತರಾಗಿ ಬಂದ ತುಕಾರಾಂ ಮುಂಢೆ ಆಸ್ತಿ ತೆರಿಗೆ ಹೆಚ್ಚಿಸಿದರು. ಪಾಲಿಕೆಯಲ್ಲಿ ಬಹುಮತವಿದ್ದ ಬಿಜೆಪಿ ಅವಿಶ್ವಾಸ ನಿರ್ಣಯಕ್ಕೆ ಮುಂದಾಯಿತು. ನಾಗರಿಕರ ಒಂದು ವರ್ಗ ಮುಂಢೆ ಪರ ಬೀದಿಗಿಳಿಯಿತು. ಮುಖ್ಯಮಂತ್ರಿ ದೇವೇಂದ್ರ ಫಡ್ನವಿಸ್ ಮಧ್ಯಪ್ರವೇಶಿಸಿದ ಮೇಲೆ ನಿರ್ಣಯ ಕೈಬಿಡಲಾಯಿತು. ಆದರೆ ಅದೇ ನವೆಂಬರ್‌ನಲ್ಲಿ ಮುಂಢೆ ವರ್ಗಾವಣೆಯಾದರು. ಆಯುಕ್ತರನ್ನು ಉಳಿಸುವುದಾಗಲಿ ಕಳಿಸುವುದಾಗಲಿ ನಾಸಿಕ್ ಮತದಾರರ ಕೈಯಲ್ಲಿ ಇರಲಿಲ್ಲ. ಎರಡೂ ತೀರ್ಮಾನ ಆದದ್ದು ಮುಂಬೈನಲ್ಲಿ.

ಹಾಗಾದರೆ ಜನ ತೀರ್ಪು ಕೊಡುವುದು ಯಾರಿಗೆ?

ಪಕ್ಷಕ್ಕೆ. ರಾಜ್ ಠಾಕ್ರೆ ಅವರ ಎಂಎನ್‌ಎಸ್ 2012ರಲ್ಲಿ ನಾಸಿಕ್‌ನಲ್ಲಿ 40 ಸ್ಥಾನ ಗೆದ್ದು, ಮೊದಲು ಯತೀನ್ ವಾಘ್, ನಂತರ ಅಶೋಕ್ ಮುರ್ತಡಕ್ ಅವರನ್ನು ಮೇಯರ್ ಮಾಡಿತು. ಪಾಂಡವಲೇಣಿ ತಪ್ಪಲಿನ ಸಸ್ಯೋದ್ಯಾನದಂಥ ಕೆಲಸಗಳನ್ನು ಮುಂದಿಟ್ಟು 2017ರಲ್ಲಿ ಮತ ಕೇಳಿತು. ಸಿಕ್ಕಿದ್ದು 5 ಸ್ಥಾನ. ಬಿಜೆಪಿ 66 ಗೆದ್ದಿತು. ಆ ಸೋಲು ಮೇಯರ್ ಕೆಲಸಕ್ಕೆ ಬಂದ ತೀರ್ಪೋ, ಪಕ್ಷದ ಒಟ್ಟು ಕುಸಿತದ ಭಾಗವೋ ಎಂದು ಫಲಿತಾಂಶ ನೋಡಿ ಹೇಳಲಾಗದು.

ನೇರ ಆಯ್ಕೆ ಎಲ್ಲಿದೆ?

ಉತ್ತರ ಪ್ರದೇಶ, ಮಧ್ಯಪ್ರದೇಶದಲ್ಲಿ ಮೇಯರ್‌ಗೆ ಜನರೇ ಮತ ಹಾಕುತ್ತಾರೆ. ಕಾನ್ಪುರದ ಪ್ರಮೀಳಾ ಪಾಂಡೆ 2017ರಲ್ಲಿ ಗೆದ್ದು 2023ರಲ್ಲಿ ಪುನರಾಯ್ಕೆಯಾದರು. ಮಹಾರಾಷ್ಟ್ರದಲ್ಲೂ ಪುರಸಭೆಗಳಿಗೆ ನೇರ ಆಯ್ಕೆ ಇದೆ. ನಾಸಿಕ್ ಜಿಲ್ಲೆಯ ಸಿನ್ನರ್, ಸಂಭಾಜಿನಗರ ಜಿಲ್ಲೆಯ ಪೈಠಣದ ಮತದಾರರು 2025ರ ಡಿಸೆಂಬರ್‌ನಲ್ಲಿ ತಮ್ಮ ಪುರಾಧ್ಯಕ್ಷರನ್ನು ತಾವೇ ಆರಿಸಿದರು. ಪಕ್ಕದ ಮಹಾನಗರದವರಿಗೆ ಆ ಅವಕಾಶವಿಲ್ಲ.

ಹಾಗೆಂದು ನೇರ ಆಯ್ಕೆಯೊಂದೇ ಮದ್ದಲ್ಲ. ಅಧ್ಯಕ್ಷರು ಒಂದು ಪಕ್ಷ, ಬಹುಮತ ಇನ್ನೊಂದು ಪಕ್ಷದ್ದಾದರೆ ಆಡಳಿತವೇ ಕಗ್ಗಂಟಾಗುತ್ತದೆ. ಅಧಿಕಾರ ಆಯುಕ್ತರ ಬಳಿಯೇ ಉಳಿದರೆ ನೇರವಾಗಿ ಗೆದ್ದವರೂ ನಾಮಕಾವಾಸ್ತೆ.

ಕರ್ನಾಟಕದ ಮಾತೇನು?

ಮೈಸೂರು, ಬೆಳಗಾವಿ, ಹುಬ್ಬಳ್ಳಿ-ಧಾರವಾಡ ಪಾಲಿಕೆಗಳಲ್ಲಿ ಮೇಯರ್ ಅವಧಿ ಒಂದೇ ವರ್ಷ. ಬಿಬಿಎಂಪಿ ಕೌನ್ಸಿಲ್ ಅವಧಿ 2020ರ ಸೆಪ್ಟೆಂಬರ್‌ನಲ್ಲಿ ಮುಗಿದ ಮೇಲೆ ಬೆಂಗಳೂರು ಕೂಡ ವರ್ಷಗಟ್ಟಲೆ ಆಡಳಿತಾಧಿಕಾರಿಗಳ ಕೈಯಲ್ಲಿತ್ತು. ಗ್ರೇಟರ್ ಬೆಂಗಳೂರು ಕಾಯ್ದೆ ಐದು ಹೊಸ ಪಾಲಿಕೆಗಳ ಮೇಯರ್‌ಗಳಿಗೆ 30 ತಿಂಗಳ ಅವಧಿ ಕೊಟ್ಟಿದೆ. ಅಂದರೆ ಹೆಚ್ಚುಕಡಿಮೆ ಮಹಾರಾಷ್ಟ್ರದ ಮಾದರಿ. ಬಜೆಟ್ ರೂಪಿಸಿ, ಕಾಮಗಾರಿ ಮುಗಿಸಲು 12 ತಿಂಗಳಿಗಿಂತ 30 ತಿಂಗಳು ವಾಸಿ. ಆದರೆ ಕಸ, ನೀರು, ರಸ್ತೆಗೆ ಹೊಣೆಯಾದ ಒಬ್ಬರನ್ನು ಗುರುತಿಸಿ ಉಳಿಸುವ ಅಥವಾ ಮನೆಗೆ ಕಳಿಸುವ ಅಧಿಕಾರ ಅಲ್ಲೂ ಇಲ್ಲೂ ಮತದಾರನಿಗೆ ಇನ್ನೂ ಬಂದಿಲ್ಲ.