ಕಣ್ಣು ಹಳದಿಯಾಗುವ ತನಕ ಕಾಯಬೇಡಿ

ತುರುವೇಕೆರೆ ಕಡೆಯ ಯುವಕನೊಬ್ಬ ಗಲ್ಫ್ ಕೆಲಸಕ್ಕೆಂದು ಮೆಡಿಕಲ್ ಮಾಡಿಸಿ, 'ಅನ್‌ಫಿಟ್' ಚೀಟಿ ಹಿಡಿದು ನನ್ನ ದವಾಖಾನೆಗೆ ಬಂದ. ರಕ್ತದಲ್ಲಿ ಹೆಪಟೈಟಿಸ್ ಬಿ ಇತ್ತು. ಜ್ವರವಿಲ್ಲ, ಕಾಮಾಲೆಯಿಲ್ಲ, ದಿನವಿಡೀ ಕಾಯಿ ಸುಲಿಯುವ ಗಟ್ಟಿ ಆಳು. ಮನೆಯಲ್ಲಿ ಆಗಲೇ ಅವನ ತಟ್ಟೆ, ಲೋಟ ಬೇರೆಯಾಗಿದ್ದವು. ಗೊತ್ತಾಗಿದ್ದ ಮದುವೆ ಬಿಡುವ ಮಾತೂ ನಡೆದಿತ್ತು.

ಮೊದಲು ತಟ್ಟೆಯ ವಿಷಯ. ಒಂದೇ ತಟ್ಟೆಯಲ್ಲಿ ಉಂಡರೆ, ಸಲಾಮ್ ಹೇಳಿ ಕೈ ಹಿಡಿದರೆ, ಅಪ್ಪಿಕೊಂಡರೆ ಇದು ಅಂಟುವುದಿಲ್ಲ. ಕೊಳಕು ನೀರಿನಿಂದ ಬರುವ ಕಾಮಾಲೆ ಬೇರೆ, ಅದು ಎ ಮತ್ತು ಇ ವೈರಸ್ಸಿನದು. ಬಿ ಹರಡುವುದು ರಕ್ತದಿಂದ, ದಾಂಪತ್ಯ ಸಂಪರ್ಕದಿಂದ, ಹೆರಿಗೆಯಲ್ಲಿ ತಾಯಿಯಿಂದ ಮಗುವಿಗೆ. ದೇಹದ ಹೊರಗೂ ಈ ವೈರಸ್ ಕನಿಷ್ಠ 7 ದಿನ ಬದುಕಬಲ್ಲದು. ಆದ್ದರಿಂದ ಕ್ಷೌರದ ಬ್ಲೇಡು, ಕಿವಿ ಚುಚ್ಚುವ ಸೂಜಿ ಪ್ರತಿಯೊಬ್ಬರಿಗೂ ಹೊಸದಾಗಿರಲಿ. ಖತ್ನಾದ ಉಪಕರಣ ಆಸ್ಪತ್ರೆಯ ರೀತಿಯಲ್ಲೇ ಶುದ್ಧಿಯಾಗಿರಲಿ. ಹಿಜಾಮ ನಮ್ಮದೇ ಪದ್ಧತಿಯ ಚಿಕಿತ್ಸೆ, ಅದಕ್ಕೇ ಕಟುವಾಗಿ ಹೇಳುತ್ತೇನೆ: ಬ್ಲೇಡು, ಕಪ್ಪುಗಳ ಪ್ಯಾಕೆಟ್ಟನ್ನು ನಿಮ್ಮ ಕಣ್ಣೆದುರೇ ಒಡೆಯದಿದ್ದರೆ ಎದ್ದು ಬನ್ನಿ. 2009ರಲ್ಲಿ ಗುಜರಾತಿನ ಮೋಡಾಸಾದಲ್ಲಿ ಬಳಸಿದ ಸಿರಿಂಜನ್ನೇ ಮತ್ತೆ ಬಳಸಿ, ಈ ಸೋಂಕಿನಿಂದ ಹಲವರು ಪ್ರಾಣ ಬಿಟ್ಟರು.

ಅಟ್ಟದ ಕಾಯಿ ಕೊಬ್ಬರಿಯಾಯಿತೇ ಎಂದು ಅಲ್ಲಾಡಿಸಿ ತಿಳಿಯುತ್ತೀರಿ. ಯಕೃತ್ತು ಹಾಗೆ ಸದ್ದು ಮಾಡುವುದಿಲ್ಲ. ದಶಕಗಳ ಕಾಲ ಸುಮ್ಮನಿದ್ದು ಸಿರೋಸಿಸ್ಸೋ ಕ್ಯಾನ್ಸರೋ ಆದಾಗ ತಿಳಿಯುತ್ತದೆ. ದೊಡ್ಡವರಿಗೆ ತಗುಲಿದರೆ ಹೆಚ್ಚಿನವರ ದೇಹ ತಾನೇ ಗೆಲ್ಲುತ್ತದೆ. ಹುಟ್ಟುವಾಗ ತಗುಲಿದ 10 ಮಕ್ಕಳಲ್ಲಿ ಸುಮಾರು 9 ಮಕ್ಕಳಲ್ಲಿ ಉಳಿದುಬಿಡುತ್ತದೆ. ಈ ಯುವಕನ ತಾಯಿಯ ರಕ್ತದಲ್ಲೂ ಇತ್ತು, ಆ ತಾಯಿಗೆ ಅರಿವೇ ಇರಲಿಲ್ಲ. ಗರ್ಭಿಣಿಯರಿಗೆ ಎಚ್‌ಬಿಎಸ್‌ಎಜಿ ಪರೀಕ್ಷೆ ತಪ್ಪದೆ ಮಾಡಿಸಿ. ಮಗುವಿಗೆ 24 ಗಂಟೆಯೊಳಗೆ ಮೊದಲ ಲಸಿಕೆ, ಬಳಿಕ 6, 10, 14ನೇ ವಾರ ಪೆಂಟಾವೇಲೆಂಟ್. ಸರ್ಕಾರಿ ಆಸ್ಪತ್ರೆಯಲ್ಲಿ ಉಚಿತ. ಮನೆಯಲ್ಲೇ ಹೆರಿಗೆಯಾದರೂ ಅಂದೇ ಕರೆದೊಯ್ಯಿರಿ.

ಯರ್ಖಾನ್‌ಗೆ ಕಾಸನಿ, ಮಕೋ ಕೊಡುವವನು ನಾನು. ಆದರೂ ಹೇಳಬೇಕು, ಅವು ಈ ವೈರಸ್ಸನ್ನು ತೆಗೆಯವು. ನೆಲನೆಲ್ಲಿಯ ಮೇಲೆ 1988ರಲ್ಲಿ ಮದ್ರಾಸಿನ ಸಂಶೋಧಕರು ಹುಟ್ಟಿಸಿದ ಭರವಸೆಯೂ ಮುಂದಿನ ಅಧ್ಯಯನಗಳಲ್ಲಿ ನಿಲ್ಲಲಿಲ್ಲ. ಟೆನೊಫೊವಿರ್ ಮಾತ್ರೆ ವೈರಸ್ಸನ್ನು ಅದುಮಿಡುತ್ತದೆ, ಎಲ್ಲರಿಗೂ ಬೇಕಾಗುವುದಿಲ್ಲ, ಶುರು ಮಾಡಿದ ಮೇಲೆ ಕೇಳದೆ ನಿಲ್ಲಿಸಬಾರದು. 2018ರಿಂದ ರಾಷ್ಟ್ರೀಯ ಕಾರ್ಯಕ್ರಮದಡಿ ಪರೀಕ್ಷೆ, ಔಷಧ ಉಚಿತ. ತಿಪಟೂರಿನ ಸರ್ಕಾರಿ ಆಸ್ಪತ್ರೆಯಲ್ಲೋ ತುಮಕೂರಿನ ಜಿಲ್ಲಾ ಆಸ್ಪತ್ರೆಯಲ್ಲೋ ವಿಚಾರಿಸಿ.

ಯುವಕನಿಗೆ ಸದ್ಯ ಮಾತ್ರೆ ಬೇಕಾಗಿಲ್ಲ, 6 ತಿಂಗಳಿಗೊಮ್ಮೆ ತಪಾಸಣೆ ಸಾಕೆಂದಿದ್ದಾರೆ. ಅವನಿಗೆ ಗೊತ್ತಾದ ಹುಡುಗಿ ಚಿಕ್ಕನಾಯಕನಹಳ್ಳಿಯವಳು. ಅವಳ ರಕ್ತದಲ್ಲಿ ಸೋಂಕಿರಲಿಲ್ಲ. ಮೂರು ಡೋಸಿನಲ್ಲಿ ಎರಡು ಮುಗಿದಿವೆ. ಮೂರನೆಯದಾಗಿ, ರಕ್ಷಣೆ ಬಂದಿದೆಯೇ ಎಂದು ಇನ್ನೊಂದು ಪರೀಕ್ಷೆಯಾದ ಮೇಲೆ ನಿಕಾಹ್.