ದಾರಿಯಲ್ಲಿ ವಾಹನ ತಡೆದಾಗ: ಬೆಳೆಗಾರರು ತಿಳಿದಿರಬೇಕಾದ ಕಾನೂನು

ಕೊಯ್ಲಿನ ದಿನಗಳು ಬಂದವೆಂದರೆ ನಮ್ಮ ಮಲೆನಾಡಿನ ರಸ್ತೆಗಳಲ್ಲಿ ಓಡಾಟ ಹೆಚ್ಚುತ್ತದೆ. ಕಾಫಿ ಹಣ್ಣು ಕಣಕ್ಕೆ, ಒಣಗಿದ ಚೆರಿ ಕ್ಯೂರಿಂಗ್ ವರ್ಕ್ಸಿಗೆ, ಅಡಿಕೆ ಮೂಟೆ ಮಂಡಿಗೆ, ಗೊಬ್ಬರ ಸುಣ್ಣ ತೋಟಕ್ಕೆ, ಆಳುಗಳು ಹಾಡಿಯಿಂದ, ಪೇಟೆಯಿಂದ ಕೆಲಸಕ್ಕೆ. ಸಣ್ಣ ಹಿಡುವಳಿದಾರರ ಮನೆಯಲ್ಲಿಯೂ ಈಗ ಒಂದು ಜೀಪೋ ಪಿಕಪ್ಪೋ, ಕಡೆಗೆ ಒಂದು ಬೈಕಾದರೂ ಇದ್ದೇ ಇದೆ. ಓಡಾಟ ಹೆಚ್ಚಿದಂತೆ ತಿರುವಿನಲ್ಲಿ, ಘಾಟಿಯ ಬುಡದಲ್ಲಿ, ಪೇಟೆಯ ಬಾಗಿಲಲ್ಲಿ ವಾಹನ ತಡೆಯುವುದೂ ಹೆಚ್ಚುತ್ತದೆ.

ತಡೆದಾಗ ನಮ್ಮ ಸದಸ್ಯರು ಸಾಮಾನ್ಯವಾಗಿ ಎರಡು ರೀತಿಯಲ್ಲಿ ನಡೆದುಕೊಳ್ಳುತ್ತಾರೆ. ಕೆಲವರು ಹೆದರಿ, ಕೇಳಿದಷ್ಟು ಕೊಟ್ಟು, ರಸೀದಿಯನ್ನೂ ಕೇಳದೆ ಹೊರಟುಬಿಡುತ್ತಾರೆ. ಇನ್ನು ಕೆಲವರು ಏರುದನಿಯಲ್ಲಿ ವಾದಕ್ಕಿಳಿದು, ಐನೂರು ರೂಪಾಯಿಯಲ್ಲಿ ಮುಗಿಯುವುದನ್ನು ಕೋರ್ಟಿನವರೆಗೆ ಬೆಳೆಸಿಕೊಳ್ಳುತ್ತಾರೆ. ಕಾನೂನು ತಿಳಿದವನಿಗೆ ಈ ಎರಡರ ಅಗತ್ಯವೂ ಇಲ್ಲ. ಆದ್ದರಿಂದ 1988ರ ಮೋಟಾರು ವಾಹನ ಕಾಯಿದೆ ಹಾಗೂ ಅದಕ್ಕೆ 2019ರಲ್ಲಿ ಆದ ತಿದ್ದುಪಡಿಗಳ ಪ್ರಕಾರ ಚಾಲಕನ ಹಕ್ಕೇನು, ಹೊಣೆಯೇನು ಎಂಬುದನ್ನು ಇಲ್ಲಿ ವಿವರಿಸಿದ್ದೇವೆ.

ತಡೆಯುವವರು ಯಾರು?

ಮೊದಲು ನೋಡಬೇಕಾದ್ದು ಇದು. ಸಮವಸ್ತ್ರದಲ್ಲಿರುವ ಯಾವ ಪೋಲೀಸ್ ಅಧಿಕಾರಿ ಕೇಳಿದರೂ ಚಾಲಕನು ಲೈಸೆನ್ಸು ತೋರಿಸತಕ್ಕದ್ದು ಎಂದು ಕಾಯಿದೆಯ 130ನೆಯ ಕಲಮು ಹೇಳುತ್ತದೆ. ‘ಸಮವಸ್ತ್ರದಲ್ಲಿರುವ’ ಎಂಬ ಮಾತು ಮುಖ್ಯ. ಮಫ್ತಿಯಲ್ಲಿ ಬಂದು ಕೈ ಅಡ್ಡ ಹಿಡಿದವರನ್ನು ‘ತಾವು ಯಾರು, ಗುರುತಿನ ಚೀಟಿ ತೋರಿಸಿ’ ಎಂದು ಮರ್ಯಾದೆಯಿಂದ ಕೇಳುವುದರಲ್ಲಿ ತಪ್ಪಿಲ್ಲ. ರಾತ್ರಿ ವೇಳೆ ಅಡಿಕೆ ಮೂಟೆ ಹೇರಿಕೊಂಡು ಹೋಗುವವರು ಇದನ್ನು ವಿಶೇಷವಾಗಿ ನೆನಪಿಡಬೇಕು.

ಪೋಲೀಸರಲ್ಲದೆ ಸಾರಿಗೆ ಇಲಾಖೆಯವರು, ಅಂದರೆ ನಾವು ‘ಬ್ರೇಕ್ ಇನ್ಸ್‌ಪೆಕ್ಟರ್’ ಎಂದು ಕರೆಯುವ ಮೋಟಾರು ವಾಹನ ನಿರೀಕ್ಷಕರು, ವಿಮೆ, ಅರ್ಹತಾ ಪತ್ರ, ಪರ್ಮಿಟ್ಟುಗಳನ್ನು ನೋಡಬಹುದು. ಮಾಲಿನ ತೆರಿಗೆಗೆ ಸಂಬಂಧಿಸಿದ ತಪಾಸಣೆ ಅಧಿಕಾರ ಪಡೆದ ವಾಣಿಜ್ಯ ತೆರಿಗೆ ಅಧಿಕಾರಿಗಳ ಕೆಲಸ. ಜಿ.ಎಸ್.ಟಿ. ನೋಂದಣಿ ಇಲ್ಲದ ಬೆಳೆಗಾರನು ತನ್ನ ಮಾಲನ್ನು ತಾನೇ ಸಾಗಿಸುವಾಗ ಇ-ವೇ ಬಿಲ್ ಮಾಡಿಸುವುದು ಅವನ ಇಚ್ಛೆಗೆ ಬಿಟ್ಟದ್ದು. ನೋಂದಾಯಿತ ವರ್ತಕನು ತೋಟದಲ್ಲೇ ಕೊಂಡು ಸಾಗಿಸುವುದಾದರೆ ಹೊಣೆ ವರ್ತಕನದು. ಹೇಗೇ ಇರಲಿ, ತೂಕದ ಚೀಟಿ ಮತ್ತು ಪಹಣಿಯ ಪ್ರತಿ ಜೊತೆಗಿದ್ದರೆ ಮಾಲು ಎಲ್ಲಿಯದೆಂದು ಎರಡು ಮಾತಿನಲ್ಲಿ ಹೇಳಬಹುದು.

ಸುಮ್ಮಸುಮ್ಮನೆ ನಿಲ್ಲಿಸಬಹುದೆ?

ಇದು ನಮ್ಮ ಸದಸ್ಯರು ಹೆಚ್ಚಾಗಿ ಕೇಳುವ ಪ್ರಶ್ನೆ. 2022ರ ಜೂನ್‌ನಲ್ಲಿ ಆಗಿನ ರಾಜ್ಯ ಪೋಲೀಸ್ ಮಹಾನಿರ್ದೇಶಕ ಪ್ರವೀಣ್ ಸೂದ್ ಅವರು, ಕಣ್ಣಿಗೆ ಕಾಣುವ ಸಂಚಾರ ನಿಯಮದ ಉಲ್ಲಂಘನೆ ಇಲ್ಲದಿದ್ದರೆ ಬರಿಯ ಕಾಗದಪತ್ರ ನೋಡುವುದಕ್ಕಾಗಿ ವಾಹನ ನಿಲ್ಲಿಸಬಾರದು, ಕುಡಿದು ಓಡಿಸುವುದರ ತಪಾಸಣೆಗೆ ಮಾತ್ರ ಇದರಿಂದ ವಿನಾಯಿತಿ ಎಂದು ಇಡೀ ರಾಜ್ಯಕ್ಕೆ ಅನ್ವಯಿಸುವಂತೆ ಸೂಚಿಸಿದರು.

ಈ ಸೂಚನೆ ಎಷ್ಟು ಅಗತ್ಯವೆಂಬುದಕ್ಕೆ 2025ರ ಮೇ 26ರಂದು ಮಂಡ್ಯದಲ್ಲಿ ನಡೆದ ದುರಂತವೇ ಸಾಕ್ಷಿ. ನಾಯಿ ಕಚ್ಚಿದ ಮಗುವನ್ನು ತಂದೆ ತಾಯಿ ಬೈಕಿನಲ್ಲಿ ಆಸ್ಪತ್ರೆಗೆ ಒಯ್ಯುತ್ತಿದ್ದಾಗ ಸಂಚಾರಿ ಪೋಲೀಸರು ಹೆಲ್ಮೆಟ್ ತಪಾಸಣೆಗೆಂದು ತಡೆದರು. ಆಯ ತಪ್ಪಿ ಬಿದ್ದ ಬೈಕಿನಿಂದ ಉರುಳಿದ ಮಗು ಹಿಂದಿನಿಂದ ಬಂದ ವಾಹನಕ್ಕೆ ಸಿಕ್ಕಿ ತೀರಿಕೊಂಡಿತು. ಮೂವರು ಎ.ಎಸ್.ಐ.ಗಳು ಅಮಾನತಾದರು. ಆ ತಿಂಗಳ ಕೊನೆಯಲ್ಲಿ ಪೋಲೀಸ್ ಮಹಾನಿರ್ದೇಶಕ ಎಂ.ಎ. ಸಲೀಂ ಅವರು ಹೊಸ ಸೂಚನೆಗಳನ್ನು ಹೊರಡಿಸಿದರು. ಕಣ್ಣಿಗೆ ಕಾಣುವ ಉಲ್ಲಂಘನೆ ಇಲ್ಲದೆ ತಡೆಯಬಾರದು, ಓಡುವ ವಾಹನಕ್ಕೆ ಹಠಾತ್ತನೆ ಅಡ್ಡ ಬರಬಾರದು, ವಾಹನದ ಕೀಲಿಕೈ ಕಿತ್ತುಕೊಳ್ಳಬಾರದು, ವೇಗವಾಗಿ ಹೋದವರನ್ನು ಬೆನ್ನಟ್ಟದೆ ನಂಬರು ಬರೆದುಕೊಳ್ಳಬೇಕು ಎಂಬುದು ಅವುಗಳ ಸಾರ.

ಆದರೆ ಇಲ್ಲಿ ಒಂದು ಎಚ್ಚರಿಕೆ. ಈ ಸೂಚನೆಗಳು ಪೋಲೀಸರಿಗೆ ಅವರ ಮೇಲಧಿಕಾರಿ ಕೊಟ್ಟವು. 130ನೆಯ ಕಲಮು ಹಾಗೆಯೇ ಇದೆ. ‘ನನ್ನನ್ನು ನಿಲ್ಲಿಸುವ ಹಾಗಿಲ್ಲ’ ಎಂದು ಗಾಡಿ ಓಡಿಸಿಕೊಂಡು ಹೋದರೆ ಆದೇಶ ಪಾಲಿಸದ ತಪ್ಪು ನಮ್ಮ ತಲೆಗೆ ಬರುತ್ತದೆ. 179ನೆಯ ಕಲಮಿನ ಪ್ರಕಾರ ಅದಕ್ಕೆ 2,000 ರೂಪಾಯಿವರೆಗೆ ದಂಡವಿದೆ. ಕೈ ಮಾಡಿದರೆ ಎಡಕ್ಕೆ ತೆಗೆದು ನಿಲ್ಲಿಸತಕ್ಕದ್ದು. ಕಾರಣವನ್ನು ಆಮೇಲೆ ಕೇಳಬಹುದು, ದೂರನ್ನು ಅದಕ್ಕೂ ಆಮೇಲೆ ಕೊಡಬಹುದು.

ಯಾವ ಕಾಗದ, ಯಾವ ರೂಪದಲ್ಲಿ?

ಲೈಸೆನ್ಸು, ಆರ್.ಸಿ., ವಿಮಾ ಪತ್ರ, ಹೊಗೆ ತಪಾಸಣಾ ಪತ್ರ, ಈ ನಾಲ್ಕು ಎಲ್ಲ ವಾಹನಕ್ಕೂ ಬೇಕು. ಹಳದಿ ಬೋರ್ಡಿನ ವಾಹನಕ್ಕೆ ಇವುಗಳ ಜೊತೆ ಅರ್ಹತಾ ಪತ್ರವೂ, ಅಗತ್ಯವಿರುವ ಕಡೆ ಪರ್ಮಿಟ್ಟೂ ಇರಬೇಕು.

ಕೇಂದ್ರ ಮೋಟಾರು ವಾಹನ ನಿಯಮಗಳ 139ನೆಯ ನಿಯಮಕ್ಕೆ 2018ರ ನವೆಂಬರಿನಲ್ಲಿ ತಿದ್ದುಪಡಿಯಾಗಿ, ಕಾಗದಪತ್ರಗಳನ್ನು ಮೊಬೈಲಿನಲ್ಲಿ ತೋರಿಸಿದರೂ ಸಾಕೆಂದಾಗಿದೆ. ಆದರೆ ಅವು ಡಿಜಿಲಾಕರ್ ಅಥವಾ ಎಂ-ಪರಿವಾಹನ್‌ನಲ್ಲಿ ಇರಬೇಕು. ಲೈಸೆನ್ಸಿನ ಫೋಟೋ ಹೊಡೆದು ವಾಟ್ಸಾಪಿನಲ್ಲಿ ಇಟ್ಟುಕೊಂಡದ್ದು ದಾಖಲೆಯಾಗುವುದಿಲ್ಲ. ನಮ್ಮ ಘಟ್ಟದ ರಸ್ತೆಗಳಲ್ಲಿ ಸಿಗ್ನಲ್ ಸಿಗದ ಜಾಗಗಳೇ ಹೆಚ್ಚಾದ್ದರಿಂದ ಮೂಲ ಲೈಸೆನ್ಸು ಜೇಬಿನಲ್ಲಿರುವುದೇ ಲೇಸು.

ಕಾಗದ ಮನೆಯಲ್ಲಿ ಉಳಿದಿದ್ದರೆ? ಕೇಳಿದ ದಿನದಿಂದ 15 ದಿನಗಳೊಳಗೆ ದೃಢೀಕರಿಸಿದ ಪ್ರತಿಯನ್ನು ಖುದ್ದಾಗಿ ಅಥವಾ ರಿಜಿಸ್ಟರ್ಡ್ ಅಂಚೆಯ ಮೂಲಕ ಒಪ್ಪಿಸಲು ಅದೇ ನಿಯಮದಲ್ಲಿ ಅವಕಾಶವಿದೆ. ಕಾಗದ ಮನೆಯಲ್ಲಿರುವುದು ಬೇರೆ, ಕಾಗದವೇ ಇಲ್ಲದಿರುವುದು ಬೇರೆ. ಅಧಿಕಾರಿ ಇವೆರಡನ್ನು ಒಂದೇ ಮಾಡಿದರೆ ಈ ನಿಯಮವನ್ನು ನಯವಾಗಿ ನೆನಪಿಸಬಹುದು.

ಲೈಸೆನ್ಸು ಮತ್ತು ವಾಹನ ವಶಕ್ಕೆ ತೆಗೆದುಕೊಂಡರೆ

ಚಾಲಕ ತಲೆ ತಪ್ಪಿಸಿಕೊಳ್ಳಬಹುದೆಂದು ನಂಬಲು ಕಾರಣವಿದ್ದಾಗ, ದಾಖಲೆ ಸುಳ್ಳೆಂದು ಕಂಡಾಗ, ಅಥವಾ ಅಪಾಯಕರ ಚಾಲನೆಯಂಥ ಕೆಲವು ಅಪರಾಧಗಳಲ್ಲಿ ಅಧಿಕಾರಿ ಲೈಸೆನ್ಸನ್ನು ತೆಗೆದುಕೊಳ್ಳಬಹುದು. ಆದರೆ 206ನೆಯ ಕಲಮಿನಂತೆ ಅದಕ್ಕೆ ತಾತ್ಕಾಲಿಕ ಸ್ವೀಕೃತಿ ಪತ್ರ ಕೊಡಲೇಬೇಕು. ಲೈಸೆನ್ಸು ಮರಳಿ ಬರುವವರೆಗೆ ಆ ಪತ್ರವೇ ವಾಹನ ಓಡಿಸಲು ಅಧಿಕಾರ ಕೊಡುತ್ತದೆ. ಸ್ವೀಕೃತಿ ಇಲ್ಲದೆ ಲೈಸೆನ್ಸು ಬಿಟ್ಟು ಬರಬಾರದು.

ವಾಹನವನ್ನೇ ತಡೆಹಿಡಿಯುವ ಅಧಿಕಾರ 207ನೆಯ ಕಲಮಿನಲ್ಲಿದೆ. ಲೈಸೆನ್ಸಿಲ್ಲದ ಅಥವಾ ವಯಸ್ಸಾಗದ ಚಾಲಕ, ನೋಂದಣಿ ಇಲ್ಲದ ವಾಹನ, ಪರ್ಮಿಟ್ ಇಲ್ಲದ ಸಾಗಣೆ, ಇಂಥ ಸಂದರ್ಭಗಳಿಗೆ ಅದು ಸೇರಿದ್ದು. ದಾಖಲೆಗಳೊಂದಿಗೆ ಅರ್ಜಿ ಕೊಟ್ಟು ವಾಹನ ಬಿಡಿಸಿಕೊಳ್ಳಲು ಮಾಲೀಕನಿಗೆ ಹಕ್ಕಿದೆ.

ದಂಡ ಮತ್ತು ರಸೀದಿ

ಸ್ಥಳದಲ್ಲೇ ದಂಡ ಕಟ್ಟಿಸಿಕೊಳ್ಳುವುದನ್ನು ಕಾನೂನಿನಲ್ಲಿ ‘ರಾಜಿ’ ಎನ್ನುತ್ತಾರೆ. 200ನೆಯ ಕಲಮಿನ ಪ್ರಕಾರ ಸರ್ಕಾರದ ಅಧಿಸೂಚನೆಯಿಂದ ಅಧಿಕಾರ ಪಡೆದವರು ಮಾತ್ರ ಹೀಗೆ ರಾಜಿ ಮಾಡಬಹುದು. ರಾಜಿ ಎಂದ ಮೇಲೆ ಎರಡೂ ಕಡೆಯ ಒಪ್ಪಿಗೆ ಬೇಕು. ತಾನು ತಪ್ಪು ಮಾಡಿಲ್ಲವೆಂದು ಚಾಲಕನಿಗೆ ಖಚಿತವಿದ್ದರೆ ದಂಡ ಕಟ್ಟದೆ ನ್ಯಾಯಾಲಯದಲ್ಲಿ ಹೇಳಿಕೊಳ್ಳಲು ಅವನು ಸ್ವತಂತ್ರ.

ಕಾಯಿದೆಯಲ್ಲಿ ಹೆಲ್ಮೆಟ್ ಇಲ್ಲದ್ದಕ್ಕೆ 1,000 ರೂಪಾಯಿ ಎಂದಿದ್ದರೂ, ಕರ್ನಾಟಕ ಸರ್ಕಾರ 2019ರ ಸೆಪ್ಟೆಂಬರಿನಲ್ಲಿ ಅದನ್ನು 500ಕ್ಕೆ ಇಳಿಸಿತು. ಎಷ್ಟೇ ಇರಲಿ, ಕಟ್ಟಿದ ಪ್ರತಿ ರೂಪಾಯಿಗೂ ರಸೀದಿ ಪಡೆಯತಕ್ಕದ್ದು. ಅದರ ಮೇಲೆ ವಾಹನದ ನಂಬರು ಮತ್ತು ಅಪರಾಧದ ವಿವರ ಸರಿಯಾಗಿದೆಯೇ ಎಂದು ಅಲ್ಲಿಯೇ ಓದಿ ನೋಡಬೇಕು.

‘ಚಹಾ ಖರ್ಚಿಗೆ’ ಕೊಟ್ಟು ಮುಗಿಸುವ ಅಭ್ಯಾಸದ ಬಗ್ಗೆಯೂ ಒಂದು ಮಾತು. 2018ರ ತಿದ್ದುಪಡಿಯ ನಂತರ ಭ್ರಷ್ಟಾಚಾರ ತಡೆ ಕಾಯಿದೆಯಲ್ಲಿ ಲಂಚ ಕೊಡುವವನೂ ಅಪರಾಧಿಯೇ. ಬಲವಂತಕ್ಕೆ ಸಿಕ್ಕಿ ಕೊಡಬೇಕಾಗಿ ಬಂದವನು 7 ದಿನಗಳೊಳಗೆ ಸಂಬಂಧಪಟ್ಟ ಅಧಿಕಾರಿಗಳಿಗೆ ತಿಳಿಸಿದರೆ ಮಾತ್ರ ಅವನಿಗೆ ರಕ್ಷಣೆ.

ಹೊರೆ ಮತ್ತು ಆಳುಗಳು

ನಮ್ಮವರಿಗೆ ನಿಜವಾದ ಪೆಟ್ಟು ಬೀಳುವುದು ಇಲ್ಲಿ. ಹೆಚ್ಚು ಹೊರೆ ಹೇರಿದ ವಾಹನಕ್ಕೆ 194ನೆಯ ಕಲಮಿನಲ್ಲಿ 20,000 ರೂಪಾಯಿ, ಜೊತೆಗೆ ಹೆಚ್ಚುವರಿ ಟನ್ನಿಗೆ 2,000 ರೂಪಾಯಿ ದಂಡ ಹೇಳಿದೆ. ಓಡಿಸಿದ ಚಾಲಕನಷ್ಟೇ ಅಲ್ಲ, ಓಡಿಸಲು ಬಿಟ್ಟ ಮಾಲೀಕನೂ ಹೊಣೆ. ಹೆಚ್ಚುವರಿ ಮಾಲು ಇಳಿಸುವವರೆಗೆ ವಾಹನ ಮುಂದೆ ಹೋಗುವಂತಿಲ್ಲ. ಇಳಿಸುವ ಖರ್ಚೂ ನಮ್ಮದೇ, ಮಳೆ ಬಂದು ಅಡಿಕೆ ನೆನೆದರೆ ಆ ನಷ್ಟವೂ ನಮ್ಮದೇ. ತೂಕ ಮಾಡಿಸಲು ಒಪ್ಪದಿದ್ದರೆ ದಂಡ 40,000 ರೂಪಾಯಿ. ಆದರೆ ಅಧಿಕಾರಿ ಕರೆದಲ್ಲಿಗೆಲ್ಲ ಹೋಗಬೇಕೆಂದಿಲ್ಲ. ತೂಕದ ಯಂತ್ರ ಮುಂದಿನ ಹಾದಿಯಲ್ಲಿ 10 ಕಿಲೋಮೀಟರ್ ಒಳಗೆ, ಇಲ್ಲವೇ ತಲುಪಬೇಕಾದ ಊರಿನಿಂದ 20 ಕಿಲೋಮೀಟರ್ ಒಳಗೆ ಇರಬೇಕೆಂದು 114ನೆಯ ಕಲಮು ಮಿತಿ ಹಾಕಿದೆ. ಮಾಲು ಇಳಿಸುವ ಆದೇಶವನ್ನೂ ಲಿಖಿತವಾಗಿ ಕೇಳಿ ಪಡೆಯಬಹುದು.

ಪಿಕಪ್ಪಿನ ಹಿಂಭಾಗದಲ್ಲಿ ಆಳುಗಳನ್ನು ನಿಲ್ಲಿಸಿಕೊಂಡು ಹೋಗುವುದು ದಂಡಕ್ಕಿಂತ ದೊಡ್ಡ ಅಪಾಯ. ಸರಕು ವಾಹನದಲ್ಲಿ ಸುಮ್ಮನೆ ಹತ್ತಿಸಿಕೊಂಡವರಿಗೆ ಪರಿಹಾರ ಕೊಡುವ ಹೊಣೆ ವಿಮಾ ಕಂಪೆನಿಯದಲ್ಲವೆಂದು ಸುಪ್ರೀಂ ಕೋರ್ಟ್ 2002ರಲ್ಲೇ, ಆಶಾ ರಾಣಿ ಪ್ರಕರಣದಲ್ಲಿ, ತೀರ್ಪು ಕೊಟ್ಟಿದೆ. ಒಂದು ತಿರುವಿನಲ್ಲಿ ಗಾಡಿ ಮಗುಚಿದರೆ ಆಳಿನ ಮನೆಯ ದೀಪ ಆರುತ್ತದೆ, ಮಾಲೀಕನ ತೋಟ ಪರಿಹಾರಕ್ಕೆ ಹೋಗುತ್ತದೆ. ಇದರಲ್ಲಿ ಪೋಲೀಸರು ತಡೆದರೆ ಅವರನ್ನು ದೂರುವಂತಿಲ್ಲ.

ಇನ್ನೊಂದು ಸಮಾಧಾನದ ಸಂಗತಿ. ಲಘು ವಾಹನದ ಲೈಸೆನ್ಸು ಇದ್ದವರು ಒಟ್ಟು ತೂಕ 7,500 ಕಿಲೋಗ್ರಾಂ ಒಳಗಿನ ಸಾರಿಗೆ ವಾಹನವನ್ನೂ ಓಡಿಸಬಹುದೆಂದು ಸುಪ್ರೀಂ ಕೋರ್ಟಿನ ಐವರು ನ್ಯಾಯಮೂರ್ತಿಗಳ ಪೀಠ 2024ರ ನವೆಂಬರ್ 6ರಂದು ತೀರ್ಮಾನಿಸಿತು. ಹಳದಿ ಬೋರ್ಡಿನ ಸಣ್ಣ ಪಿಕಪ್ಪಿಗೆ ಬೇರೆ ಲೈಸೆನ್ಸು ಬೇಕೆಂದು ಯಾರಾದರೂ ತಡೆದರೆ ಈ ತೀರ್ಪನ್ನು ಹೇಳಬಹುದು.

ಮನೆಯ ಮಕ್ಕಳ ಕೈಗೆ ಕೀಲಿಕೈ

ತೋಟದ ರಸ್ತೆಯಲ್ಲಿ ಜೀಪು ಕಲಿತ ಹುಡುಗ ಡೇರಿಗೆ ಹಾಲು ಹಾಕಲು ಡಾಂಬರು ರಸ್ತೆಗೆ ಇಳಿಸುವುದನ್ನು ನಾವೆಲ್ಲ ನೋಡಿದ್ದೇವೆ. 2019ರಿಂದ ಜಾರಿಯಲ್ಲಿರುವ 199ಎ ಕಲಮಿನಂತೆ, ವಯಸ್ಸಾಗದವರು ತಪ್ಪು ಮಾಡಿದರೆ ಪೋಷಕರಿಗೆ ಅಥವಾ ಮಾಲೀಕನಿಗೆ 3 ವರ್ಷದವರೆಗೆ ಸಜೆ ಮತ್ತು 25,000 ರೂಪಾಯಿ ದಂಡ. ವಾಹನದ ನೋಂದಣಿ 12 ತಿಂಗಳು ರದ್ದು. ಹುಡುಗನಿಗೆ 25 ವರ್ಷ ತುಂಬುವವರೆಗೆ ಲೈಸೆನ್ಸು ಸಿಗದು. ಮಕ್ಕಳ ಮೇಲಿನ ಅಕ್ಕರೆ ಈ ಬೆಲೆಗೆ ಬೇಡ.

ಕುಡಿತ ಮತ್ತು ದಸ್ತಗಿರಿ

100 ಮಿಲಿಲೀಟರ್ ರಕ್ತದಲ್ಲಿ 30 ಮಿಲಿಗ್ರಾಂಗಿಂತ ಹೆಚ್ಚು ಮದ್ಯಸಾರ ಕಂಡರೆ ಅಪರಾಧ. ಮೊದಲ ಸಲ 6 ತಿಂಗಳವರೆಗೆ ಸಜೆ ಅಥವಾ 10,000 ರೂಪಾಯಿ ದಂಡ, ಇಲ್ಲವೇ ಎರಡೂ. ಅನುಮಾನಕ್ಕೆ ಕಾರಣವಿದ್ದು ಉಸಿರು ಪರೀಕ್ಷೆಗೆ ಕೇಳಿದರೆ ಒಪ್ಪತಕ್ಕದ್ದು. ಇದಕ್ಕಾಗಿ ದಸ್ತಗಿರಿ ಮಾಡಿದರೆ 2 ಗಂಟೆಯೊಳಗೆ ವೈದ್ಯಕೀಯ ಪರೀಕ್ಷೆ ಆಗಬೇಕು, ಆಗದಿದ್ದರೆ ಬಿಡಬೇಕು ಎಂದು 202ನೆಯ ಕಲಮು ಹೇಳುತ್ತದೆ. ಯಾವ ದಸ್ತಗಿರಿಯಲ್ಲೇ ಆಗಲಿ ಕಾರಣ ತಿಳಿಸಬೇಕು, ಮನೆಯವರಿಗೆ ಸುದ್ದಿ ಮುಟ್ಟಿಸಬೇಕು, 24 ಗಂಟೆಯೊಳಗೆ ಮ್ಯಾಜಿಸ್ಟ್ರೇಟರ ಮುಂದೆ ಹಾಜರುಪಡಿಸಬೇಕು. ಇದು ಸಂವಿಧಾನವೇ ಕೊಟ್ಟ ರಕ್ಷಣೆ.

ಅನ್ಯಾಯವಾದರೆ

ರಸ್ತೆಯ ಬದಿ ನ್ಯಾಯ ತೀರ್ಮಾನದ ಜಾಗವಲ್ಲ. ಅಧಿಕಾರಿಯ ಹೆಸರು, ಹುದ್ದೆ, ಸ್ಥಳ, ವೇಳೆ ಬರೆದುಕೊಂಡು ಜಿಲ್ಲಾ ಪೋಲೀಸ್ ವರಿಷ್ಠಾಧಿಕಾರಿಗೆ ಲಿಖಿತ ದೂರು ಕೊಡಬಹುದು. ಗಂಭೀರ ದುರ್ನಡತೆಗೆ ರಾಜ್ಯ ಪೋಲೀಸ್ ದೂರು ಪ್ರಾಧಿಕಾರವಿದೆ, ಲಂಚದ ವಿಷಯಕ್ಕೆ ಲೋಕಾಯುಕ್ತವಿದೆ.

ಕೊನೆಯದಾಗಿ ಸದಸ್ಯ ಬಾಂಧವರಲ್ಲಿ ನಮ್ಮ ವಿನಂತಿ ಇಷ್ಟೆ. ಕೊಯ್ಲು ಶುರುವಾಗುವ ಮೊದಲು ಒಂದು ದಿನ ಕುಳಿತು ವಿಮೆ, ಹೊಗೆ ಪತ್ರ, ಅರ್ಹತಾ ಪತ್ರಗಳ ತಾರೀಖು ನೋಡಿಕೊಳ್ಳಿ. ಸಂಬಳದ ಚಾಲಕನಿದ್ದರೆ ಈ ಪುಟವನ್ನು ಅವನಿಗೂ ಓದಿ ಹೇಳಿ. ದಾರಿಯಲ್ಲಿ ತಡೆಯುವುದು ಹೆಚ್ಚಾಗಿ ಅವನನ್ನೇ.